ಬಳ್ಳಾರಿಯಲ್ಲಿ ಗ್ರಾಮಫೋನ್ ಸ್ಪ್ರಿಂಗ್ ಮೋಟರ್ ರಿಪೇರಿ: ಕೌಲ್ ಬಜಾರಿನ ಬೋರ್ಡಿಲ್ಲದ ಅಂಗಡಿ

ಕೀ ಕೊಡುವ ಹಳೆಯ ಗ್ರಾಮಫೋನ್ ರಿಪೇರಿ ಮಾಡೋರು ಬಳ್ಳಾರಿ ಕಡೆ ಯಾರಾದ್ರೂ ಇದ್ದಾರಾ ಅಂತ ಆಗಾಗ ಯಾರೋ ಒಬ್ಬರು ಕೇಳುತ್ತಲೇ ಇರುತ್ತಾರೆ. ಇದ್ದಾರೆ. ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ, ಬೋರ್ಡೇ ಇಲ್ಲದ ಸಣ್ಣ ಅಂಗಡಿ. ಅಂಗಡಿಯವರ ಕಸುಬು ಹೊಲಿಗೆ ಮಿಷನ್ ರಿಪೇರಿ. ಗ್ರಾಮಫೋನ್ ಅವರಿಗೆ ಪಕ್ಕದ ಕೆಲಸ. ಸ್ಪ್ರಿಂಗ್ ಮೋಟರಿನ ಕೆಲಸ ಆದರೆ ಕಣ್ಣು ಮುಚ್ಚಿ ಅವರ ಕೈಗೆ ಕೊಡಿ, ಸೌಂಡ್ ಬಾಕ್ಸಿನ (ಮುಳ್ಳು ಸಿಕ್ಕಿಸುವ, ಸದ್ದು ಹುಟ್ಟಿಸುವ ದುಂಡನೆಯ ಭಾಗ) ಕೆಲಸ ಆದರೆ ಕೊಡಬೇಡಿ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು. ಮಿಷನ್ ಮನೆಯಲ್ಲಿಟ್ಟುಕೊಂಡು ಒದ್ದಾಡುತ್ತಿರುವವರು ಮುಂದೆ ಓದಿ.

ನಮ್ಮದು ಎಚ್‌ಎಂವಿ 102. ಸಿರುಗುಪ್ಪ ಕಡೆಯ ನಮ್ಮ ಸೋದರಮಾವನ ಮನೆಯಿಂದ ಬಂದದ್ದು. 1931ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಇದು, ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲ ತಯಾರಾಯಿತು. ಹಾಗಾಗಿ ನಮ್ಮ ದೇಶದಲ್ಲಿ ಉಳಿದಿರುವ ಪೋರ್ಟಬಲ್‌ಗಳಲ್ಲಿ ಇದು ಸುಲಭಕ್ಕೆ ಸಿಗುತ್ತದೆ. ಕಪ್ಪು ಬಟ್ಟೆ ಅಂಟಿಸಿದ ಪೆಟ್ಟಿಗೆ, ಮುಚ್ಚಳ ಹಾಕಿದರೆ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಕೊಂಬು ಹೊರಗೆ ಇರಲ್ಲ, ಪೆಟ್ಟಿಗೆಯ ಒಳಗೇ ಮಡಚಿಕೊಂಡಿರುತ್ತದೆ. ಮನೆಗೆ ಬಂದವರೆಲ್ಲ "ಕೊಂಬು ಎಲ್ಲಿ?" ಅಂತ ಕೇಳುತ್ತಾರೆ. ಸಿನಿಮಾದಲ್ಲಿ ನೋಡಿದ ಹಿತ್ತಾಳೆ ಕೊಂಬು ತಲೆಯಲ್ಲಿ ಕೂತಿದೆ, ಏನು ಮಾಡೋಣ. ಆ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ: ಪಳಪಳ ಹೊಳೆಯುವ ಹಿತ್ತಾಳೆ ಕೊಂಬು, ಹೊಸದಾಗಿ ಪಾಲಿಶ್ ಮಾಡಿದ ಚೌಕ ಪೆಟ್ಟಿಗೆ, ಅದರ ಮೇಲೆ ನಾಯಿ ಚಿತ್ರ ಅಂಟಿಸಿ "ಬ್ರಿಟಿಷರ ಕಾಲದ್ದು" ಅಂತ ಮಾರುತ್ತಾರಲ್ಲ, ಅವುಗಳಲ್ಲಿ ಬಹಳಷ್ಟು ಇತ್ತೀಚೆಗೆ ಜೋಡಿಸಿದವು. ಒಳಗಿನ ಮೋಟರ್ ಮಾತ್ರ ನಮ್ಮಂಥ ಯಾವುದೋ ಪೋರ್ಟಬಲ್ ಬಿಚ್ಚಿ ತೆಗೆದದ್ದಾಗಿರುತ್ತದೆ. ಒಂದು ಒಳ್ಳೆಯ ಮಿಷನ್ ಕೊಂದು ಒಂದು ಗೊಂಬೆ ಮಾಡುತ್ತಾರೆ. ಅದನ್ನು ತಗೊಂಡು ಹೋಗಿ ರಿಪೇರಿ ಮಾಡಿಕೊಡಿ ಅಂದರೆ ಈ ಅಂಗಡಿಯವರೂ ಮುಖ ಗಂಟು ಹಾಕುತ್ತಾರೆ.

ನಮ್ಮ ಮಿಷನ್ನಿನ ಕಾಯಿಲೆ ಎರಡು. ತಟ್ಟೆ ತಿರುಗುವಾಗ ನಡುನಡುವೆ ಒಳಗಿಂದ "ಧಡ್" ಅಂತ ಸದ್ದು ಬರೋದು, ಆ ಕ್ಷಣಕ್ಕೆ ಹಾಡು ಒಮ್ಮೆ ಜಗ್ಗಿದಂತಾಗಿ ಮತ್ತೆ ಸರಿಯಾಗೋದು. ಇನ್ನೊಂದು, ಪೂರ್ತಿ ಕೀ ಕೊಟ್ಟರೂ ಹಾಡು ಮುಗಿಯುವ ಹೊತ್ತಿಗೆ ಗಾಯಕರಿಗೆ ನಿದ್ದೆ ಬಂದಿರೋದು. ಹತ್ತು ಇಂಚಿನ ಹಾಡಿನ ತಟ್ಟೆಯ (ರೆಕಾರ್ಡಿನ) ಒಂದು ಬದಿ ಅಂದರೆ ಸುಮಾರು 3 ನಿಮಿಷ ಅಷ್ಟೇ. ಅದನ್ನೂ ಎಳೆಯಲಾಗದ ಮೋಟರ್ ಅಂದರೆ ಒಳಗೆ ಏನೋ ಕೆಟ್ಟಿದೆ ಅಂತಲೇ ಅರ್ಥ.

ಇದಕ್ಕೆ ಮೊದಲು ಒಂದು ದೊಡ್ಡ ಊರಿನಲ್ಲಿ ಒಬ್ಬರಿಗೆ ಕೊಟ್ಟಿದ್ದೆ. ಊರು, ಹೆಸರು ಬೇಡ. "ಸ್ಪ್ರಿಂಗ್ ಹೋಗಿದೆ, ಹೊಸದು ಹಾಕಿದ್ದೇನೆ" ಅಂದರು, ದುಡ್ಡು ಕೈ ತುಂಬ ತಗೊಂಡರು. ಸ್ವಲ್ಪ ದಿನ ಚೆನ್ನಾಗಿ ಓಡಿತು. ನಮ್ಮ ಬೇಸಿಗೆ ಶುರುವಾಯಿತು ನೋಡಿ, ಏಪ್ರಿಲ್ ಹೊತ್ತಿಗೆ ಮೋಟರಿನ ಕೆಳಗೆ ಹಳದಿ ಎಣ್ಣೆ ಇಳಿದು ಪೆಟ್ಟಿಗೆಯ ತಳ ಒದ್ದೆ. ಧಡ್ ಧಡ್ ವಾಪಸ್ ಬಂತು. ಫೋನ್ ಮಾಡಿದರೆ "ಹಳೆ ಮಿಷನ್ ಸಾರ್, ಅಷ್ಟೇ ಅದು" ಅನ್ನುವ ಉತ್ತರ. ಬೇಕಾದರೆ ಸ್ಪ್ರಿಂಗ್ ತೆಗೆದು ಕರೆಂಟಿನ ಮೋಟರ್ ಕೂರಿಸಿಕೊಡುತ್ತೇನೆ ಅಂದರು. ಅಲ್ಲಾ ಸ್ವಾಮಿ, ಕರೆಂಟಿನಲ್ಲೇ ಕೇಳಬೇಕು ಅಂದರೆ ಫೋನಿನಲ್ಲಿ ಕೇಳಲ್ವಾ?

ಕೌಲ್ ಬಜಾರಿನ ಈ ಅಂಗಡಿ ಗೊತ್ತಾಗಿದ್ದು ಜೀನ್ಸ್ ಹೊಲಿಯುವ ಪರಿಚಯದವರೊಬ್ಬರಿಂದ. ಬಳ್ಳಾರಿ ಜೀನ್ಸ್ ಬಗ್ಗೆ ನಮಗೆ ಯಾರೂ ಹೇಳಬೇಕಾಗಿಲ್ಲ, ಮನೆಮನೆಯಲ್ಲಿ ಹೊಲಿಗೆ ಮಿಷನ್ ಓಡುವ ಊರು. ಅಷ್ಟು ಮಿಷನ್ ಇದ್ದಲ್ಲಿ ಅವುಗಳ ರಿಪೇರಿಯವರೂ ಇರಲೇಬೇಕು, ಅದರಲ್ಲೂ ದಪ್ಪ ಬಟ್ಟೆಯ ಮೇಲೆ ದಿನವಿಡೀ ಹೊಡೆಯುವ ಮಿಷನ್ ಸರಿ ಮಾಡುವ ಕೈ ಅಂದರೆ ಸಾಮಾನ್ಯ ಕೈ ಅಲ್ಲ. ನೂಲಿನಷ್ಟು ಸಣ್ಣ ಸ್ಕ್ರೂ, ಒಂದು ಕೂದಲೆಳೆ ಅಂತರದ ಆಟ, ಎಣ್ಣೆ ಎಲ್ಲಿ ಬೇಕು ಎಲ್ಲಿ ಬೇಡ ಅನ್ನುವ ಲೆಕ್ಕ ಎಲ್ಲ ಅವರಿಗೆ ರೂಢಿ. ಗ್ರಾಮಫೋನ್ ಮೋಟರಿಗೂ ಬೇಕಿರುವುದು ಇದೇ. ರೇಡಿಯೋ, ಟಿವಿ ರಿಪೇರಿಯವರ ಹತ್ತಿರ ಇದನ್ನು ತಗೊಂಡು ಹೋಗೋರನ್ನ ನೋಡಿದ್ದೇನೆ. ಸದ್ದು ಬರುವ ಪೆಟ್ಟಿಗೆ ಅಂತ ಹಾಗೆ ಅನ್ನಿಸುತ್ತದೋ ಏನೋ. ಇದರಲ್ಲಿ ಒಂದು ವೈರೂ ಇಲ್ಲ.

ಅಂಗಡಿಯವರು ವಯಸ್ಸಾದವರು, ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಜೊತೆಗೆ ಮಗ. ಚಾಚಾ ಮುಚ್ಚಳ ತೆಗೆದು ಮೊದಲು ಮಾಡಿದ್ದು ಹ್ಯಾಂಡಲ್ ಹಾಕಿ ನಿಧಾನಕ್ಕೆ ಒಂದೆರಡು ಸುತ್ತು ತಿರುಗಿಸಿ ಪೆಟ್ಟಿಗೆಯ ಮೇಲೆ ಕಿವಿ ಇಟ್ಟಿದ್ದು. ಆಮೇಲೆ ತಟ್ಟೆ ಬಿಟ್ಟರು. ಧಡ್ ಅಂತು.

"ಸ್ಪ್ರಿಂಗ್ ಮುರಿದಿಲ್ಲ ಬೇಟಾ. ಒಳಗೆ ಅಂಟ್ಕೊಂಡೈತೆ."

"ಹೊಸದು ಹಾಕಿಸಿದ್ದೆ ಚಾಚಾ."

"ಹೊಸದೋ ಹಳೇದೋ, ಡಬ್ಬಿ ಬಿಚ್ಚಿದ ಮೇಲೆ ಹೇಳ್ತೀನಿ. ಈಗ ಹೆಂಗ್ ಹೇಳ್ಲಿ?"

ನನಗೆ ಅಲ್ಲಿಗೇ ನಂಬಿಕೆ ಬಂತು. ಬಿಚ್ಚುವ ಮುಂಚೆ ರೇಟು ಹೇಳುವವರ ಹತ್ತಿರ ಈ ಕೆಲಸ ಮಾಡಿಸಬಾರದು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ಈ ಮೋಟರ್ ಒಳಗೆ ಏನಿರುತ್ತದೆ ಅಂತ ಸ್ವಲ್ಪ ಹೇಳಬೇಕು.

ಹ್ಯಾಂಡಲ್ ತಿರುಗಿಸಿದಾಗ ಒಂದು ಗುಂಡನೆಯ ಡಬ್ಬಿಯೊಳಗಿನ ಉದ್ದದ ಉಕ್ಕಿನ ಪಟ್ಟಿ ನಡುವಿನ ಅಚ್ಚಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಪಟ್ಟಿಯ ಒಂದು ತುದಿ ಅಚ್ಚಿನ ಕೊಕ್ಕೆಗೆ, ಇನ್ನೊಂದು ತುದಿ ಡಬ್ಬಿಯ ಗೋಡೆಯ ಕೊಕ್ಕೆಗೆ. ಪಟ್ಟಿ ಬಿಚ್ಚಿಕೊಳ್ಳಲು ಒದ್ದಾಡುವ ಬಲವೇ ಹಲ್ಲಿನ ಗಾಲಿಗಳ ಮೂಲಕ ತಟ್ಟೆಗೆ ಹೋಗುತ್ತದೆ. ಬಿಚ್ಚಿದರೆ ಹತ್ತು ಅಡಿಗೂ ಮೇಲೆ ಉದ್ದ ಬರುವ ಪಟ್ಟಿ ಅದು. ಅದರ ಒಂದೊಂದು ಸುತ್ತೂ ಪಕ್ಕದ ಸುತ್ತಿನ ಮೇಲೆ ಜಾರಿಕೊಂಡು ಬಿಚ್ಚಬೇಕು, ಅದಕ್ಕೇ ನಡುವೆ ಗ್ರಾಫೈಟ್ ಕಲಸಿದ ಗ್ರೀಸ್ ಇರುತ್ತದೆ. ಎಪ್ಪತ್ತು ಎಂಬತ್ತು ವರ್ಷದಲ್ಲಿ ಆ ಗ್ರೀಸ್ ಒಣಗಿ ಅಂಟಾಗಿ, ಕೊನೆಗೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಗ ಸುತ್ತುಗಳು ಒಂದಕ್ಕೊಂದು ಹಿಡಿದುಕೊಂಡು ಕೂರುತ್ತವೆ. ಬಲ ಜಾಸ್ತಿಯಾದಾಗ ನಾಲ್ಕಾರು ಸುತ್ತು ಒಮ್ಮೆಲೇ ಬಿಡುತ್ತವೆ. ಅದೇ ಧಡ್. ಸ್ಪ್ರಿಂಗ್ ಮುರಿದರೆ ಆಗುವ ಸದ್ದು ಬೇರೆ, ಅದು ಒಂದೇ ಸಲ, ಮನೆಯವರೆಲ್ಲ ಎದ್ದು ಬರುವಷ್ಟು ಜೋರು. ಆಮೇಲೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಬಿಗಿಯೇ ಬರಲ್ಲ. ಹಾಗಾಗಿ ಧಡ್ ಧಡ್ ಅನ್ನೋ ಮಿಷನ್ನಿಗೆ ಹೊಸ ಸ್ಪ್ರಿಂಗ್ ಬೇಕು ಅಂತ ಬಿಚ್ಚದೇ ಹೇಳುವವರಿಗೆ ಇಲ್ಲಾ ಗೊತ್ತಿಲ್ಲ, ಇಲ್ಲಾ ನಿಮ್ಮ ಜೇಬು ಗೊತ್ತಿದೆ.

ಬಿಚ್ಚುವಾಗ ನಾನು ಅಲ್ಲೇ ಕೂತಿದ್ದೆ. ಕೂರಲು ಬಿಡುತ್ತಾರೆ, ಮಾತಾಡಿಸಬಾರದು ಅಷ್ಟೇ. ಮೊದಲು ತಟ್ಟೆ ತಾನಾಗಿ ನಿಲ್ಲುವ ತನಕ ತಿರುಗಲು ಬಿಟ್ಟು ಸ್ಪ್ರಿಂಗ್ ಪೂರ್ತಿ ಇಳಿಸಿದರು. ಇದು ಯಾರೂ ಬಿಡಬಾರದ ಹೆಜ್ಜೆ. ಕೀ ತುಂಬಿರುವಾಗ ಗವರ್ನರ್ (ವೇಗ ಹಿಡಿದಿಡುವ ಭಾಗ) ಬಿಚ್ಚಿದರೆ ಹಿಡಿಯೋರೇ ಇಲ್ಲದೆ ಗಾಲಿಗಳೆಲ್ಲ ಹುಚ್ಚು ವೇಗದಲ್ಲಿ ಓಡುತ್ತವೆ, ಹಲ್ಲು ಮುರಿಯುತ್ತವೆ, ಬೆರಳು ಅಲ್ಲಿದ್ದರೆ ಬೆರಳೂ ಹೋಗುತ್ತದೆ. ತಟ್ಟೆ ನಿಂತ ಮೇಲೂ ಚಾಚಾ ಸುಮ್ಮನೆ ಬಿಚ್ಚಲಿಲ್ಲ. ಅಂಟಿಕೊಂಡ ಸ್ಪ್ರಿಂಗಿನೊಳಗೆ ಬಲ ಬಚ್ಚಿಟ್ಟುಕೊಂಡಿರುತ್ತದೆ, ನಿಂತಿದೆ ಅಂತ ಮೋಸ ಹೋಗಬೇಡ ಅಂತ ಮಗನಿಗೆ ಹೇಳುತ್ತಾ, ಮರದ ಹಿಡಿಯಿಂದ ಡಬ್ಬಿಗೆ ಮೆತ್ತಗೆ ತಟ್ಟಿದರು. ಒಳಗೆ ಏನೋ ಸರಿದ ಸದ್ದು ಬಂತು. ತಟ್ಟೆ ಇನ್ನೂ ಅರ್ಧ ಸುತ್ತು ತಾನಾಗಿ ತಿರುಗಿ ನಿಂತಿತು. ಮೈ ಜುಂ ಅಂತು ನಂಗೆ.

ಆಮೇಲೆ ಡಬ್ಬಿಯ ಮುಚ್ಚಳ ತೆಗೆದರು. ಕಥೆ ಅಲ್ಲಿ ಹೊರಬಿತ್ತು. ಹೊಸ ಸ್ಪ್ರಿಂಗ್ ಅಂತ ದುಡ್ಡು ಕೊಟ್ಟಿದ್ದೆನಲ್ಲ, ಒಳಗಿದ್ದದ್ದು ಹಳೆಯದೇ. ಅದರ ಮೇಲೆ ಕಪ್ಪು ಗಟ್ಟಿ ಗ್ರೀಸ್ ಹಾಗೇ ಕೂತಿತ್ತು. ಅದರ ಮೇಲೆ ಹಳದಿ ಗ್ರೀಸ್, ವಾಹನದ ಗಾಲಿಗೆ ಹಾಕುವಂಥದ್ದು, ಮೆತ್ತಿ ಮುಚ್ಚಿದ್ದರು. ನಮ್ಮೂರಿನ ಬಿಸಿಲಿಗೆ, ಅದೂ 40 ಡಿಗ್ರಿ ದಾಟಿದ ಮೇಲೆ, ಅದರಲ್ಲಿನ ಎಣ್ಣೆ ಬಿಟ್ಟು ಇಳಿದು ಕೆಳಗೆ ಗವರ್ನರ್ ಮೇಲೆ ಸುರಿದಿತ್ತು. ಚಾಚಾ ಯಾರನ್ನೂ ಬೈಯಲಿಲ್ಲ. ಡಬ್ಬಿ ನನ್ನ ಕಡೆ ತಿರುಗಿಸಿ ತೋರಿಸಿದರು, ಅಷ್ಟೇ. ಬೈದಿದ್ದು ನಾನು.

ಸ್ಪ್ರಿಂಗ್ ಹೊರತೆಗೆಯುವುದು ಈ ಇಡೀ ಕೆಲಸದಲ್ಲಿ ಅಪಾಯದ ಜಾಗ. ಇಕ್ಕಳದಲ್ಲಿ ನಡುವಿನ ತುದಿ ಹಿಡಿದು ಸರ್ರನೆ ಎಳೆದರೆ ಪಟ್ಟಿ ಛಂಗನೆ ಹಾರಿ ಮುಖ ಸೀಳುತ್ತದೆ. ಹಾರದಿದ್ದರೂ ಪಟ್ಟಿ ಗೋಪುರದ ಆಕಾರಕ್ಕೆ ತಿರುಚಿಕೊಂಡು ಹಾಳಾಗುತ್ತದೆ. ಚಾಚಾ ಚರ್ಮದ ಕೈಗವಸು ಹಾಕಿಕೊಂಡು, ಡಬ್ಬಿಯನ್ನು ಜೀನ್ಸ್ ಬಟ್ಟೆಯ ಒಂದು ದಪ್ಪ ತುಂಡಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಸುತ್ತು ಹೆಬ್ಬೆರಳಲ್ಲಿ ತಡೆದು ತಡೆದು ಬಿಟ್ಟರು. ಮಗ ಕನ್ನಡಕ ಹಾಕಿಕೊಳ್ಳಿ ಅಂತ ಮೂರು ಸಲ ಹೇಳಿದ ಮೇಲೆ ಹಾಕಿಕೊಂಡರು. ಇಷ್ಟು ತಿಳಿದವರೂ ಕನ್ನಡಕಕ್ಕೆ ಹಟ ಮಾಡೋದು ನೋಡಿ ನಗು ಬಂತು. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡೋಣ ಅಂದುಕೊಂಡಿರುವವರಿಗೆ ನನ್ನ ಮಾತು ಇಷ್ಟೇ: ತಟ್ಟೆ ತೆಗೆಯಿರಿ, ಧೂಳು ಒರೆಸಿ, ಎಣ್ಣೆ ಬಿಡಿ. ಡಬ್ಬಿಯ ಮುಚ್ಚಳ ಮಾತ್ರ ಮುಟ್ಟಬೇಡಿ.

ಹೊರಬಂದ ಪಟ್ಟಿಯನ್ನು ನೆಲದ ಮೇಲೆ ಬಿಟ್ಟಾಗ ಅದು ಅಗಲಕ್ಕೆ ಹರಡಿಕೊಂಡಿತು. ಚಾಚಾ ಖುಷಿಯಾದರು. ಸೋತ ಸ್ಪ್ರಿಂಗ್ ಡಬ್ಬಿಯಿಂದ ಹೊರಗೆ ಬಂದರೂ ಮುದುಡಿಕೊಂಡೇ ಇರುತ್ತದಂತೆ, ಜೀವ ಇರೋದು ಹೀಗೆ ಅಗಲವಾಗಿ ಬಿಚ್ಚಿಕೊಳ್ಳುತ್ತದಂತೆ. ಆದರೆ ಹೊರತುದಿಯ ತೂತಿನ ಹತ್ತಿರ ಒಂದು ಸಣ್ಣ ಬಿರುಕು ಕಂಡಿತು. ಇಲ್ಲಿ ಎರಡು ದಾರಿ. ಒಂದು, ಹೊಸ ಸ್ಪ್ರಿಂಗ್ ತರಿಸೋದು. ಇಂಗ್ಲೆಂಡಿನಿಂದ ತರಿಸಿಕೊಳ್ಳುವವರಿದ್ದಾರೆ. ಅದರ ಅಗಲ, ದಪ್ಪ, ಉದ್ದ, ತುದಿಯ ತೂತಿನ ಆಕಾರ ನಾಲ್ಕೂ ಹೊಂದಬೇಕು. ತೆಳುವಾದರೆ ಬಲ ಸಾಲಲ್ಲ, ದಪ್ಪವಾದರೆ ಡಬ್ಬಿ ತುಂಬಿಹೋಗಿ ಸುತ್ತಲು ಜಾಗವೇ ಇರಲ್ಲ. ಎರಡನೆಯದು, ಬಿರುಕು ಬಿಟ್ಟ ತುದಿಯನ್ನು ಕತ್ತರಿಸಿ ಹೊಸ ತೂತು ಮಾಡೋದು. ಚಾಚಾ ಎರಡನೆಯದನ್ನೇ ಹೇಳಿದರು. ಹೊಸದು ಮಾರಿದ್ದರೆ ಅವರಿಗೆ ಲಾಭ ಜಾಸ್ತಿ ಬರುತ್ತಿತ್ತು ಅನ್ನೋದನ್ನೂ ಇಲ್ಲಿ ಬರೆಯಲೇಬೇಕು.

ಆ ಕೆಲಸ ನೋಡಲು ಚೆನ್ನಾಗಿತ್ತು. ಸ್ಪ್ರಿಂಗಿನ ಉಕ್ಕು ಗಟ್ಟಿ, ಹಾಗೇ ಡ್ರಿಲ್ ಇಟ್ಟರೆ ಮುಳ್ಳೇ ಮುರಿಯುತ್ತದೆ. ಅದಕ್ಕೆ ತುದಿಯ ಒಂದು ಇಂಚಿನಷ್ಟನ್ನು ಮಾತ್ರ ಕೆಂಪಗೆ ಕಾಯಿಸಿ, ನೀರಿಗೆ ಹಾಕದೆ ತಾನಾಗಿ ತಣಿಯಲು ಬಿಡಬೇಕು. ಆಗ ಆ ಭಾಗ ಮೆತ್ತಗಾಗುತ್ತದೆ. ಉಳಿದ ಪಟ್ಟಿಗೆ ಬಿಸಿ ತಾಗದ ಹಾಗೆ ಒದ್ದೆ ಬಟ್ಟೆ ಸುತ್ತಿದ್ದರು, ಇಲ್ಲದಿದ್ದರೆ ಸ್ಪ್ರಿಂಗ್ ಅಲ್ಲಿಗೆ ಸುಮ್ನೆ ತಗಡು. ತೂತು ಕೊರೆದು ಅರದಲ್ಲಿ ಉಜ್ಜಿ ಅಂಚು ನುಣ್ಣಗೆ ಮಾಡಿದರು. ಅಂಚು ಒರಟಾಗಿದ್ದರೆ ಮತ್ತೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಒಂದೆರಡು ಇಂಚು ಕಡಿಮೆಯಾದರೆ ಅಷ್ಟುದ್ದದ ಪಟ್ಟಿಗೆ ಲೆಕ್ಕಕ್ಕಿಲ್ಲ. ನಡುವಿನಲ್ಲಿ ಮುರಿದಿದ್ದರೆ ಮಾತ್ರ ಈ ಉಪಾಯ ನಡೆಯಲ್ಲ, ರಿವೆಟ್ ಹೊಡೆದು ಜೋಡಿಸಿಕೊಡುತ್ತೇನೆ ಅನ್ನೋರು ಸಿಕ್ಕರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ತೊಳೆಯೋದು. ನನ್ನ ಪ್ರಕಾರ ನೀವು ದುಡ್ಡು ಕೊಡುವುದೇ ಇದಕ್ಕೆ. ಮಂದಿ ಸ್ಪ್ರಿಂಗಿಗೆ ದುಡ್ಡು ಅಂದುಕೊಳ್ಳುತ್ತಾರೆ. ಡೀಸೆಲಿನಲ್ಲಿ ನೆನೆಹಾಕಿ, ಹತ್ತು ಅಡಿ ಪಟ್ಟಿಯ ಎರಡೂ ಬದಿಯ ಕಪ್ಪು ಗ್ರೀಸ್ ಅಂಗುಲ ಅಂಗುಲವಾಗಿ ಒರೆಸಿ ತೆಗೆಯುವುದು ಬೇಜಾರಿನ ಕೆಲಸ. ಡಬ್ಬಿಯ ಮೂಲೆ, ಗಾಲಿಯ ಹಲ್ಲಿನ ಸಂದು, ಅಚ್ಚಿನ ತೂತು ಎಲ್ಲ ಸೇರಿ ಅರ್ಧ ದಿನ ತಿನ್ನುತ್ತದೆ. ಇದನ್ನು ಬಿಟ್ಟು ಮೇಲೆ ಹೊಸ ಗ್ರೀಸ್ ಮೆತ್ತಿದರೆ ಏನಾಗುತ್ತದೆ ಅಂತ ನಮ್ಮ ಪೆಟ್ಟಿಗೆಯ ತಳವೇ ಸಾಕ್ಷಿ. ಗ್ರೀಸಿಗೆ ಗ್ರಾಫೈಟ್ ಪುಡಿಯನ್ನು ಚಾಚಾ ಕೈಯಲ್ಲೇ ಕಲಸಿಕೊಂಡರು. ಹಳೆಯ ಕಾಲದಲ್ಲಿ ವ್ಯಾಸಲೀನಿಗೆ ಗ್ರಾಫೈಟ್ ಕಲಸುತ್ತಿದ್ದರು, ಆದರೆ "ಬಳ್ಳಾರಿ ಬಿಸಿಲಿಗೆ ವ್ಯಾಸಲೀನ್ ನಿಲ್ಲಂಗಿಲ್ಲ" ಅನ್ನುತ್ತಾರೆ.

ಇನ್ನು ಗವರ್ನರ್. ಸ್ಪ್ರಿಂಗಿನ ಬಲ ಶುರುವಿನಲ್ಲಿ ಜಾಸ್ತಿ, ಕೊನೆಗೆ ಕಡಿಮೆ. ಆದರೂ ತಟ್ಟೆ ಒಂದೇ ವೇಗದಲ್ಲಿ ತಿರುಗಬೇಕು. ಅದನ್ನು ನೋಡಿಕೊಳ್ಳುವುದು ಮೂರು ಸಣ್ಣ ಗುಂಡು, ಮೂರು ತೆಳ್ಳನೆಯ ಪಟ್ಟಿ, ಒಂದು ಬಿಲ್ಲೆ, ಒಂದು ಚರ್ಮದ ತುಂಡು. ಅಚ್ಚು ವೇಗವಾಗಿ ತಿರುಗಿದರೆ ಗುಂಡುಗಳು ಹೊರಕ್ಕೆ ಹಾರುತ್ತವೆ, ಪಟ್ಟಿಗಳು ಬಾಗುತ್ತವೆ, ಬಿಲ್ಲೆ ಸರಿದು ಚರ್ಮಕ್ಕೆ ಉಜ್ಜುತ್ತದೆ, ವೇಗ ಇಳಿಯುತ್ತದೆ. ಮೇಲಿನ ಸ್ಪೀಡ್ ಕಡ್ಡಿ ಸರಿಸಿದಾಗ ನಿಜವಾಗಿ ಸರಿಯುವುದು ಈ ಚರ್ಮ. ಕರೆಂಟಿಲ್ಲದೆ, ಒಂದು ಚಿಪ್ಪೂ ಇಲ್ಲದೆ ಇಷ್ಟು ನಿಖರವಾಗಿ ವೇಗ ಹಿಡಿಯುವುದು ನೋಡಿದರೆ ಈಗಲೂ ನನಗೆ ಆಶ್ಚರ್ಯವೇ. ನಮ್ಮದರಲ್ಲಿ ಚರ್ಮ ಎಣ್ಣೆಯಲ್ಲಿ ಮುಳುಗಿ ಲೋಳೆಯಾಗಿತ್ತು, ಹಾಗಾಗಿ ಹಿಡಿತವೇ ಇರಲಿಲ್ಲ. ಚಾಚಾ ಬೇರೆ ತುಂಡು ಕತ್ತರಿಸಿ ಹಾಕಿ ಒಂದೇ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟರು. ಮೂರು ಪಟ್ಟಿಗಳಲ್ಲಿ ಒಂದು ಸೀಳಿತ್ತು. ಅವರ ಹತ್ತಿರ ಕೆಟ್ಟ ಮೋಟರುಗಳ ಒಂದು ಡಬ್ಬ ಇದೆ, ಅದರಿಂದ ಮೂರನ್ನೂ ಬದಲಿಸಿದರು. ಒಂದನ್ನೇ ಯಾಕೆ ಹಾಕಲಿಲ್ಲ ಅಂದರೆ, ಮೂರೂ ಒಂದೇ ದಪ್ಪ ಇರದಿದ್ದರೆ ಗವರ್ನರ್ ನಡುಗುತ್ತದೆ, ಆ ನಡುಕ ಹಾಡಿನಲ್ಲಿ ಕೇಳುತ್ತದೆ.

ಜೋಡಿಸಿ ಕೊಟ್ಟ ಮೇಲೆ ನಮ್ಮಿಬ್ಬರಿಗೆ ಸಣ್ಣ ಜಗಳ. ವೇಗದ ಬಗ್ಗೆ.

ನಾನು ತಗೊಂಡು ಹೋಗಿದ್ದು ಗಂಗೂಬಾಯಿ ಹಾನಗಲ್ ಅವರ ಹಳೆಯ ತಟ್ಟೆ, 1930ರ ದಶಕದ್ದು, ಗಾಂಧಾರಿ ಅನ್ನೋ ಹೆಸರಲ್ಲಿ ಬಂದಿರೋದು. ಚಾಚಾ ಕಿವಿಯಲ್ಲೇ ವೇಗ ಕೂರಿಸುತ್ತಾರೆ. ತಟ್ಟೆ ಹಾಕಿ ಕೇಳಿ, "ಬಹಳ ಸಣ್ಣ ದನಿ, ಸ್ಪೀಡ್ ಜಾಸ್ತಿ ಐತೆ" ಅಂತ ಇಳಿಸಿಬಿಟ್ಟರು. ಗಂಗೂಬಾಯಿ ಅಂದರೆ ನಮಗೆಲ್ಲ ನೆನಪಿರುವುದು ಆಮೇಲಿನ ಆ ಗಂಭೀರವಾದ ದಪ್ಪ ದನಿ ಅಲ್ವಾ. ಆದರೆ ಅವರ ಶುರುವಿನ ದನಿ ನಿಜಕ್ಕೂ ತೆಳ್ಳಗಿತ್ತು, ಗಂಟಲಿನ ತೊಂದರೆಗೆ ಚಿಕಿತ್ಸೆ ಆದ ಮೇಲೆ ದಪ್ಪವಾಯಿತು. ದನಿ ಕೇಳಿ ವೇಗ ಅಳೆಯಲು ಹೋದರೆ ಇದೇ ಎಡವಟ್ಟು. ಈ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು, 78ರ ಬದಲು 82ಕ್ಕೆ ಓಡಿದರೆ ಶ್ರುತಿ ಹೆಚ್ಚುಕಡಿಮೆ ಒಂದು ಮನೆ (ಪಕ್ಕದ ಸ್ವರದಷ್ಟು) ಮೇಲಕ್ಕೆ ಹೋಗಿಬಿಡುತ್ತದೆ, ಹಾರ್ಮೋನಿಯಂ ನುಡಿಸುವವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ಗೊತ್ತು. ತಾಳ ಕೇಳಿದರೆ ಗೊತ್ತಾಗಲ್ಲ, ರಾಗ ಕೇಳಿದರೂ ಗೊತ್ತಾಗಲ್ಲ, ಯಾಕೆಂದರೆ ಎಲ್ಲ ಸ್ವರಗಳೂ ಒಟ್ಟಿಗೇ ಸರಿದಿರುತ್ತವೆ.

ಅದಕ್ಕೆ ನಾನು ಗೆರೆ ಚಕ್ರ ಪ್ರಿಂಟ್ ಮಾಡಿಸಿ ಇಟ್ಟುಕೊಂಡಿದ್ದೆ. ಇದು ಪುಕ್ಕಟೆ ಸಿಗುವ ಉಪಕರಣ, ಗ್ರಾಮಫೋನ್ ಇರುವ ಪ್ರತಿಯೊಬ್ಬರ ಹತ್ತಿರ ಇರಬೇಕು. ನಮ್ಮ ದೇಶದ ಕರೆಂಟು 50 ಹರ್ಟ್ಜ್. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಅದರಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ದುಂಡನೆಯ ಕಾಗದದ ಮೇಲೆ ಸುತ್ತ 77 ಗೆರೆ ಇದ್ದರೆ, ತಟ್ಟೆ 78ರ ವೇಗದಲ್ಲಿ ತಿರುಗುವಾಗ ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ಮುಂದೆ ಹೋದರೆ ವೇಗ ಜಾಸ್ತಿ, ಹಿಂದೆ ಹೋದರೆ ಕಡಿಮೆ. ಎಲ್‌ಇಡಿ ಬಲ್ಬಿನಲ್ಲಿ ಬಹಳ ಸಲ ಇದು ಕಾಣಲ್ಲ, ಹಾಗಾಗಿ ಮನೆಯಲ್ಲಿ ಮಾಡಿ ನೋಡಿ ಬರಲಿಲ್ಲ ಅಂದರೆ ಕಾಗದ ಸುಳ್ಳು ಅಂತ ಎಸೆಯಬೇಡಿ. ಚಾಚಾ ಅಂಗಡಿಯಲ್ಲಿ ಅದೃಷ್ಟಕ್ಕೆ ಚೋಕ್ ಟ್ಯೂಬ್‌ಲೈಟೇ ಇತ್ತು. ಕಾಗದ ಇಟ್ಟೆವು. ಗೆರೆಗಳು ಮೆಲ್ಲಗೆ ಹಿಂದಕ್ಕೆ ನಡೆಯುತ್ತಿದ್ದವು. ಚಾಚಾ ಏನೂ ಮಾತಾಡದೆ ಸ್ಕ್ರೂ ತಿರುಗಿಸಿ ಗೆರೆ ನಿಲ್ಲಿಸಿದರು. ಆಮೇಲೆ ಆ ಕಾಗದ ಮಡಚಿ ತಮ್ಮ ಡ್ರಾಯರಿಗೆ ಹಾಕಿಕೊಂಡರು. ವಾಪಸ್ ಕೇಳಲಿಲ್ಲ ನಾನು.

ಇಲ್ಲಿ ಒಂದು ಮಾತು. ಅಳೆಯುವಾಗ ಮುಳ್ಳು ತಟ್ಟೆಯ ಮೇಲೆ ಇಳಿದಿರಬೇಕು, ಬರೀ ತಟ್ಟೆ ತಿರುಗಿಸಿ ನೋಡಿದರೆ ವೇಗ ಜಾಸ್ತಿ ಕಾಣುತ್ತದೆ. ಆ ಸೌಂಡ್ ಬಾಕ್ಸಿನ ಭಾರ ಕಮ್ಮಿ ಏನಲ್ಲ. ಫೋನನ್ನು ತಟ್ಟೆಯ ಮೇಲಿಟ್ಟು ವೇಗ ತೋರಿಸುವ ಆಪ್‌ಗಳಲ್ಲೂ ಇದೇ ತೊಂದರೆ. ಮಗ ಅದನ್ನೇ ಮಾಡಿ ತೋರಿಸಿ "ಸರಿಯಾಗಿದೆ ಅಣ್ಣಾ" ಅಂದಿದ್ದ. ಇನ್ನೊಂದು, 1910, 20ರ ಕಾಲದ ತಟ್ಟೆಗಳೆಲ್ಲ ಸರಿಯಾಗಿ 78ಕ್ಕೇ ಮುದ್ರಿಸಿದವಲ್ಲ, ಕೆಲವು ಅದಕ್ಕಿಂತ ನಿಧಾನ, ಕೆಲವು ಜೋರು. ಅಂಥವಕ್ಕೆ ಕಡ್ಡಿ ಸರಿಸಿಕೊಳ್ಳಬೇಕಾಗುತ್ತದೆ.

ದುಡ್ಡಿನ ವಿಷಯ. ಮೋಟರ್ ಪೂರ್ತಿ ಬಿಚ್ಚಿ ತೊಳೆದು, ಸ್ಪ್ರಿಂಗ್ ತುದಿ, ಗವರ್ನರ್ ಪಟ್ಟಿ, ಚರ್ಮ ಎಲ್ಲ ಸೇರಿ ನನಗೆ 1800 ರೂಪಾಯಿ ಆಯಿತು. ಮೊದಲಿನವರು ಏನೂ ಮಾಡದೆ ತಗೊಂಡಿದ್ದು ಇದರ ಎರಡರಷ್ಟಕ್ಕೂ ಜಾಸ್ತಿ. ಚೌಕಾಸಿ ಮಾಡಬೇಡಿ ದಯವಿಟ್ಟು, ಆ ಕೆಲಸಕ್ಕೆ ಇದು ಕಡಿಮೆಯೇ.

ಈಗ ಬೇಸರದ ಸಂಗತಿಗಳು. ಸಮಯದ ಲೆಕ್ಕ ಕೇಳಲೇಬೇಡಿ. "ನಾಳೆ ಬಾ" ಅನ್ನುವುದಕ್ಕೆ ಅಲ್ಲಿ ಬೇರೆಯೇ ಕ್ಯಾಲೆಂಡರ್ ಇದೆ. ಜೀನ್ಸ್ ಘಟಕದವರು ಮಿಷನ್ ನಿಂತಿದೆ ಅಂತ ಫೋನ್ ಮಾಡಿದರೆ ನಿಮ್ಮ ಗ್ರಾಮಫೋನ್ ಬಿಚ್ಚಿದ ಸ್ಥಿತಿಯಲ್ಲೇ ಬಿಟ್ಟು ಹೊರಟುಬಿಡುತ್ತಾರೆ, ಅದು ಅವರ ಹೊಟ್ಟೆಪಾಡು, ತಪ್ಪು ಹೇಳುವಂತಿಲ್ಲ, ಆದರೆ ಹಬ್ಬಕ್ಕೆ ಮುಂಚೆ ಸರಿಯಾಗಬೇಕು ಅಂತ ಕೊಡೋದಾದರೆ ಎರಡು ಹಬ್ಬ ಮುಂಚೆ ಕೊಡಿ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಬಿಲ್ ಇಲ್ಲ, ಗ್ಯಾರಂಟಿ ಚೀಟಿ ಇಲ್ಲ. ತೊಂದರೆ ಬಂದರೆ ತಗೊಂಡು ಬಾ ಅನ್ನುತ್ತಾರೆ. ವೇಗ ಸರಿಮಾಡಿಸಲು ಇನ್ನೊಮ್ಮೆ ಹೋದಾಗ ದುಡ್ಡು ತಗೊಳ್ಳಲಿಲ್ಲ, ಅಷ್ಟು ಹೇಳಬಲ್ಲೆ.

ನನಗೆ ಜಾಸ್ತಿ ಚುಚ್ಚಿದ್ದು ಸ್ಕ್ರೂ. ಮೋಟರ್ ಹಲಗೆಯ ಒಂದು ಮೂಲ ಸ್ಕ್ರೂ ಎಲ್ಲೋ ಉರುಳಿ ಹೋಗಿ, ಅದರ ಜಾಗಕ್ಕೆ ಹೊಲಿಗೆ ಮಿಷನ್ನಿನ ಸ್ಕ್ರೂ ಕೂತಿದೆ. ಬಿಗಿಯಾಗಿದೆ, ಕೆಲಸಕ್ಕೇನೂ ತೊಂದರೆ ಇಲ್ಲ. ಆದರೆ ಉಳಿದವುಗಳ ತಲೆ ಹಳದಿ ಮಾಸಲು, ಇದು ಬೆಳ್ಳಗೆ ಹೊಳೆಯುತ್ತದೆ, ಮುಚ್ಚಳ ತೆಗೆದಾಗಲೆಲ್ಲ ಮೊದಲು ಕಾಣೋದೇ ಅದು. ಕೇಳಿದರೆ "ಹಾಡು ಬರ್ತೈತಲ್ಲ" ಅಂದರು. ಅಪರೂಪದ ಮಿಷನ್ ಇದ್ದವರು, ಎಲ್ಲ ಮೂಲದ್ದೇ ಇರಬೇಕು ಅನ್ನೋ ಶಿಸ್ತಿನವರು ಸ್ಕ್ರೂಗಳ ಫೋಟೋ ತೆಗೆದಿಟ್ಟುಕೊಂಡು ಕೊಡಿ, ಬಿಚ್ಚುವಾಗ ಒಂದು ಬಟ್ಟಲು ಕೇಳಿ ಅದರಲ್ಲಿ ಹಾಕಿಸಿ.

ಸೌಂಡ್ ಬಾಕ್ಸ್ ಅವರ ಕೆಲಸ ಅಲ್ಲ ಅಂತ ಅವರೇ ಹೇಳುತ್ತಾರೆ. ಒತ್ತಾಯ ಮಾಡಿದರೆ ಮಾತ್ರ ಮಾಡಿಕೊಡುತ್ತಾರೆ, ಅದು ಚೆನ್ನಾಗಿ ಬರಲ್ಲ. ಅಂಗಡಿಯಲ್ಲೇ ಇನ್ನೊಬ್ಬರ ಸೌಂಡ್ ಬಾಕ್ಸಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದು ಕೇಳಿಸಿಕೊಂಡೆ, ಮೂಗಿನಲ್ಲಿ ಹಾಡಿದಂತಿತ್ತು. ಒಳಗಿನ ತೆಳು ತಗಡಿನ ಸುತ್ತ ಮೆತ್ತನೆಯ ರಬ್ಬರ್ ಇರಬೇಕು, ಹಳೆಯ ರಬ್ಬರ್ ಗಟ್ಟಿಯಾದರೆ ಸದ್ದು ಒಡೆಯುತ್ತದೆ. ಅದಕ್ಕೆ ಬೇರೆ ತಿಳಿದ ಕೈ ಬೇಕು. ನಮ್ಮದಕ್ಕೆ ಇನ್ನೂ ಆ ಕೆಲಸ ಬಾಕಿ ಇದೆ.

ಒಟ್ಟು ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಸ್ಕ್ರೂಗೂ ಕ್ಯಾಲೆಂಡರಿಗೂ ಸೇರಿಸಿ.

ಕೊಡಲು ಹೋಗೋರಿಗೆ ಒಂದಿಷ್ಟು ಮಾತು. ಮಿಷನ್ನಿಗೆ ಕೊಬ್ಬರಿ ಎಣ್ಣೆ ಹಾಕಿದ್ದರೆ ನಾಚಿಕೆ ಬಿಟ್ಟು ಮೊದಲೇ ಹೇಳಿ, ಹಳ್ಳಿ ಮನೆಗಳಿಂದ ಬಂದ ಅರ್ಧಕ್ಕರ್ಧ ಮೋಟರುಗಳಲ್ಲಿ ಅದೇ ಅಂಟು ಅಂತ ಚಾಚಾ ಗೊಣಗುತ್ತಾರೆ, ಅದು ಒಣಗಿದರೆ ಡೀಸೆಲಿಗೂ ಬೇಗ ಬಗ್ಗಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದುಕೊಂಡು ಹೋಗಬೇಡಿ, ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ. ರಿಪೇರಿಯಾಗಿ ಬಂದ ಮೇಲೆ ಪ್ರತಿ ಬದಿಗೂ ಮುಂಚೆ ಕೀ ಕೊಡಿ, ಕೈಗೆ ಬಿಗಿ ಬಂದ ಕೂಡಲೇ ನಿಲ್ಲಿಸಿ. ಜಾಸ್ತಿ ಕೀ ಕೊಟ್ಟಿದ್ದಕ್ಕೇ ಸ್ಪ್ರಿಂಗ್ ಮುರಿಯಿತು ಅನ್ನೋದು ಎಲ್ಲರ ಮನೆಯ ಕಥೆ, ಆದರೆ ಮುರಿಯೋದು ಸಾಮಾನ್ಯವಾಗಿ ತುಕ್ಕು ತಿಂದ ಕಡೆ, ಇಲ್ಲಾ ದಣಿದ ಉಕ್ಕು. ಕೇಳಿ ಮುಗಿದ ಮೇಲೆ ಉಳಿದ ಕೀ ಇಳಿಯುವ ತನಕ ತಟ್ಟೆ ತಿರುಗಲು ಬಿಟ್ಟು ಆಮೇಲೆ ಮುಚ್ಚಿಡಿ, ತಿಂಗಳುಗಟ್ಟಲೆ ಬಿಗಿಯಾಗಿ ಇಟ್ಟರೆ ಒಳ್ಳೆಯ ಸ್ಪ್ರಿಂಗೂ ಸೋಲುತ್ತದೆ. ಉಕ್ಕಿನ ಮುಳ್ಳು ಒಂದು ಬದಿಗೆ ಒಂದು, ಅದರಲ್ಲಿ ಜಿಪುಣತನ ಮಾಡಿದರೆ ತಟ್ಟೆ ಹೋಗುತ್ತದೆ. ಈಗಿನ ಎಲ್‌ಪಿ ತಟ್ಟೆ ಇದರ ಮೇಲೆ ಹಾಕಲೇಬೇಡಿ, ಒಂದೇ ಸಲಕ್ಕೆ ಗೀರಿ ಮುಗಿಸುತ್ತದೆ.

ಅಂಗಡಿಗೆ ಹೋಗಲು ಬೆಳಗ್ಗೆ ಹನ್ನೊಂದರ ಮೇಲೆ ಒಳ್ಳೆಯದು, ಅಷ್ಟೊತ್ತಿಗೆ ಘಟಕಗಳ ಬೆಳಗಿನ ಕರೆ ಮುಗಿದಿರುತ್ತದೆ. ಯಾರನ್ನಾದರೂ ಹೊಲಿಗೆ ಮಿಷನ್ ಚಾಚಾ ಅಂತ ಕೇಳಿದರೆ ನಾಲ್ಕು ಜನರನ್ನು ತೋರಿಸುತ್ತಾರೆ, ಬಾಜಾ ಪೆಟ್ಟಿಗೆ ರಿಪೇರಿ ಮಾಡೋ ಚಾಚಾ ಅಂತ ಕೇಳಿ. ಹ್ಯಾಂಡಲ್ ಜೊತೆಗೆ ತಗೊಂಡು ಹೋಗಿ, ಅವರ ಹತ್ತಿರ ಇರೋದು 102ಕ್ಕೆ ಕೂರಲ್ಲ. ಪರೀಕ್ಷೆಗೆ ಅಂತ ಕೊಡುವ ತಟ್ಟೆ ಮಾತ್ರ ನಿಮಗೆ ಅಷ್ಟೇನೂ ಬೇಡದ್ದನ್ನೇ ಕೊಡಿ, ಅಲ್ಲಿ ಟೇಬಲ್ ಮೇಲೆ ಸೂಜಿ, ಕತ್ತರಿ, ಚಹಾ ಲೋಟ ಎಲ್ಲ ಒಟ್ಟಿಗೇ ಇರುತ್ತವೆ.